ನ್ಯೂಜಿಲೆಂಡಿನಲ್ಲಿ ಜಿಂಕೆ ಬೇಟೆಗೆ ಮೊದಲ ರೈಫಲ್: ಯಾವ ತೋಟೆ ಆರಿಸಲಿ?

ಅಮ್ಮತ್ತಿಯ ಮಗಳು, ಸೆಪ್ಟೆಂಬರ್ 6

ಎಲ್ಲರಿಗೂ ನಮಸ್ಕಾರ. ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೋದ್‌ಗೆಂದು ಅಮ್ಮತ್ತಿಯ ಮನೆಗೆ ಬಂದಿದ್ದೇನೆ; ತಿಂಗಳ ಕೊನೆಗೆ ನ್ಯೂಜಿಲೆಂಡಿಗೆ ಮರಳಬೇಕು. ಅಲ್ಲಿನ ದಕ್ಷಿಣ ದ್ವೀಪದ ಒಟಾಗೊದಲ್ಲಿ ನಾನೂ ನನ್ನ ಯಜಮಾನರೂ ಐದು ವರ್ಷಗಳಿಂದ ಒಂದು ಹಾಲಿನ ಫಾರ್ಮಿನಲ್ಲಿ ಕೆಲಸದಲ್ಲಿದ್ದೇವೆ. ಸುರಕ್ಷತಾ ತರಬೇತಿ, ಪರೀಕ್ಷೆ, ಮನೆಗೆ ಬಂದು ಮಾಡುವ ವಿಚಾರಣೆ ಎಲ್ಲ ಮುಗಿದು ನನ್ನ ಹೆಸರಿಗೆ ಕೋವಿ ಪರವಾನಗಿ ಬಂದಿದೆ. ಇನ್ನು ರೈಫಲ್ ಕೊಳ್ಳುವುದೊಂದೇ ಬಾಕಿ.

ನಾನು ಬೇಟೆಯಾಡಬೇಕೆಂದಿರುವುದು ಅಲ್ಲಿನ ಕೆಂಪು ಜಿಂಕೆಯನ್ನು. ನಮ್ಮ ಚುಕ್ಕಿ ಜಿಂಕೆಗಿಂತ ದೊಡ್ಡದು, ಕಡವೆಗಿಂತ ಸಣ್ಣದು. ಬೆಳೆದ ಗಂಡು ನೂರು ಕಿಲೋ ದಾಟುತ್ತದೆ. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಗಂಡುಗಳು ಬೆದೆಗೆ ಬಂದು ಕಣಿವೆಯೆಲ್ಲ ಕೇಳುವಂತೆ ಕೂಗುತ್ತವೆ. ಅಷ್ಟರೊಳಗೆ ರೈಫಲ್ ಕೈಗೆ ಹೊಂದಿರಬೇಕೆಂಬುದು ನನ್ನ ಆಸೆ. ಕೊಂಬಿನ ಮೇಲೆ ನನಗೆ ಮನಸ್ಸಿಲ್ಲ. ಚಳಿಗಾಲಕ್ಕೆ ಒಂದೆರಡು ಪ್ರಾಣಿಯ ಮಾಂಸ ಮನೆಯಲ್ಲಿದ್ದರೆ ಸಾಕು.

ನನ್ನ ಎತ್ತರ ಐದು ಅಡಿ ಎರಡು ಅಂಗುಲ. ಮೊನ್ನೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ದೊಡ್ಡಪ್ಪನ 12 ಬೋರ್ ಜೋಡಿ ನಳಿಗೆ ಕೋವಿಯನ್ನು ಹಿಡಿದೆ. ಮೊದಲ ಈಡು ಕಾಯಿಯ ಸಿಪ್ಪೆಯನ್ನು ಕಿತ್ತಿತು. ಆದರೆ ಅದರ ಒದೆತಕ್ಕೆ ಹೆಗಲು ನೊಂದು, ಎರಡನೆಯ ಈಡಿಗೆ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಂಡಿತು. ಜಿಂಕೆಯ ಮುಂದೆಯೂ ಹೀಗಾದರೆ ಅದು ಗಾಯಗೊಂಡು ಓಡುತ್ತದೆಯಲ್ಲ ಎಂಬ ಚಿಂತೆ ಅಂದಿನಿಂದ ಕಾಡುತ್ತಿದೆ. ಅಲ್ಲಿನ ನೆರೆಯವರಲ್ಲಿ ಒಬ್ಬರು .243 (ಈ ಅಂಕಿಗಳು ಸುಮಾರಾಗಿ ಗುಂಡಿನ ವ್ಯಾಸ, ಅಂಗುಲದಲ್ಲಿ) ಸಾಕೆನ್ನುತ್ತಾರೆ, ಇನ್ನೊಬ್ಬರು .308ಕ್ಕಿಂತ ಕಡಿಮೆ ಬೇಡ ಎನ್ನುತ್ತಾರೆ, ಮೂರನೆಯವರು .300 ಮ್ಯಾಗ್ನಮ್ ತೋರಿಸುತ್ತಾರೆ. ಕೋವಿಯೊಂದಿಗೆ ಬಾಳಿದ ಹಿರಿಯರು ಇಲ್ಲಿದ್ದೀರಿ. ದಯವಿಟ್ಟು ದಾರಿ ತೋರಿಸಿ.

ನಿರ್ವಾಹಕ, ಮಡಿಕೇರಿ, ಸೆಪ್ಟೆಂಬರ್ 6

ಚರ್ಚೆ ಬೆಳೆಯುವ ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸುವುದು ನನ್ನ ಕರ್ತವ್ಯ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯಿದೆಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಅದು ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಇರುವ ವಿನಾಯಿತಿಯೇ ಹೊರತು ಬೇಟೆಗೆ ಕೊಟ್ಟ ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೆಯ ಸೆಕ್ಷನ್ ಪ್ರಕಾರ ನಮ್ಮಲ್ಲಿ ಜಿಂಕೆ, ಕಡವೆ, ಕಾಡುಕುರಿಗಳ ಬೇಟೆ ಅಪರಾಧ. ಆದ್ದರಿಂದ ಇಲ್ಲಿನ ಮಾತೆಲ್ಲವೂ ತಂಗಿ ಕೇಳಿದ ನ್ಯೂಜಿಲೆಂಡಿನ ಕಾನೂನುಬದ್ಧ ಬೇಟೆಗೆ, ಇಲ್ಲವೇ ಗುರಿ ಅಭ್ಯಾಸಕ್ಕೆ ಸೀಮಿತವಾಗಿರಲಿ. ಈ ಗೆರೆ ದಾಟಿದ ಬರಹವನ್ನು ತೆಗೆದುಹಾಕುತ್ತೇನೆ.

ನಿವೃತ್ತ ಸುಬೇದಾರ್, ಸೋಮವಾರಪೇಟೆ, ಸೆಪ್ಟೆಂಬರ್ 7

ಮಗಳೇ, ನಿನ್ನ ಪ್ರಶ್ನೆಗೆ ಬೇಕಾದ ಉತ್ತರ ನಿನ್ನ ಬರಹದಲ್ಲಿಯೇ ಇದೆ. ಎರಡನೆಯ ಈಡಿಗೆ ಕಣ್ಣು ಮುಚ್ಚಿತು ಎಂದಿದ್ದೀಯಲ್ಲ, ತೋಟೆಯ ಆಯ್ಕೆ ಅಲ್ಲಿಂದಲೇ ಶುರುವಾಗಬೇಕು. ಸೇನೆಯಲ್ಲಿ ಹೊಸಬರಿಗೆ ಗುರಿ ಕಲಿಸಿದ ಅನುಭವದಿಂದ ಹೇಳುತ್ತೇನೆ: ಒದೆತಕ್ಕೆ ಹೆದರಿದ ಹೆಗಲು ಎಂಥ ಒಳ್ಳೆಯ ರೈಫಲನ್ನೂ ಕೆಟ್ಟ ರೈಫಲ್ ಮಾಡಿಬಿಡುತ್ತದೆ.

ನೀನು ಹೆಸರಿಸಿದ ಮೊದಲೆರಡು ತೋಟೆಗಳು ಒಂದೇ ತಾಯಿಯ ಮಕ್ಕಳು. ನಾವು ಸೇನೆಯ ಹಳೆಯ ರೈಫಲ್ ಎಸ್‌ಎಲ್‌ಆರ್‌ನಲ್ಲಿ ಹೊಡೆಯುತ್ತಿದ್ದ 7.62 ತೋಟೆಯ ನಾಗರಿಕ ರೂಪವೇ .308 ವಿಂಚೆಸ್ಟರ್, ಅದು 1952ರಲ್ಲಿ ಮಾರುಕಟ್ಟೆಗೆ ಬಂದಿತು. ಅದೇ ತೋಟೆಯ ಕುತ್ತಿಗೆಯನ್ನು ಕಿರಿದು ಮಾಡಿ, ಸಣ್ಣ ಗುಂಡು ಕೂರಿಸಿದ್ದು 1955ರ .243. ಇವೆರಡರ ನಡುವೆ ನಿನ್ನ ನೆರೆಯವರು ಹೇಳದ ಇನ್ನೊಬ್ಬ ತಮ್ಮನಿದ್ದಾನೆ: 1980ರಲ್ಲಿ ರೆಮಿಂಗ್ಟನ್ ಕಂಪನಿ ಹೊರತಂದ 7 ಎಂಎಂ–08. ನನ್ನ ಮನಸ್ಸು ಇರುವುದು ಅದರ ಮೇಲೆ.

ಲೆಕ್ಕ ನೋಡು. .243ರ ಗುಂಡು 100 ಗ್ರೇನ್, ಅಂದರೆ ಸುಮಾರು ಆರೂವರೆ ಗ್ರಾಂ. ನಳಿಗೆಯ ಬಾಯಲ್ಲಿ ಅದರ ಶಕ್ತಿ ಸುಮಾರು 2,640 ಜೂಲ್. 7 ಎಂಎಂ–08ರಲ್ಲಿ 140 ಗ್ರೇನಿನ ಗುಂಡಿಗೆ ಸುಮಾರು 3,300 ಜೂಲ್, .308ರಲ್ಲಿ 150 ಗ್ರೇನಿಗೆ ಸುಮಾರು 3,590 ಜೂಲ್. ಒದೆತವೂ ಇದೇ ಕ್ರಮದಲ್ಲಿ ಏರುತ್ತದೆ. ಒಂದೇ ತೂಕದ ರೈಫಲ್‌ಗಳನ್ನು ಹೋಲಿಸಿದರೆ .308 ಸರಿಸುಮಾರು .243ರ ಒಂದೂಮುಕ್ಕಾಲು ಪಟ್ಟು ಒದೆಯುತ್ತದೆ; .300 ವಿಂಚೆಸ್ಟರ್ ಮ್ಯಾಗ್ನಮ್ ಮೂರು ಪಟ್ಟಿನ ಹತ್ತಿರ ಹೋಗುತ್ತದೆ. ಆ ಮೂರನೆಯ ನೆರೆಯವರಿಗೆ ನಮಸ್ಕಾರ ಹೇಳಿ ಮುಂದೆ ನಡೆ.

.243ರಿಂದ ಕೆಂಪು ಜಿಂಕೆ ಸಾಯುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ 1991ರ ಜಿಂಕೆ ಕಾಯಿದೆಯು ದೊಡ್ಡ ಜಾತಿಗಳಿಗೆ ಕನಿಷ್ಠ .240 ಅಂಗುಲದ ವ್ಯಾಸವನ್ನೂ 1,700 ಅಡಿ-ಪೌಂಡ್ (ಸುಮಾರು 2,300 ಜೂಲ್) ಶಕ್ತಿಯನ್ನೂ ಕೇಳುತ್ತದೆ; .243 ಆ ಬಾಗಿಲನ್ನು ದಾಟುತ್ತದೆ, ಆದರೆ ತಲೆ ಬಗ್ಗಿಸಿಕೊಂಡು ದಾಟುತ್ತದೆ. ಪ್ರಾಣಿ ಓರೆಯಾಗಿ ನಿಂತಾಗ, ಹೆಗಲ ಮೂಳೆ ಅಡ್ಡ ಬಂದಾಗ ಆ ಸಣ್ಣ ಗುಂಡಿಗೆ ಉಳಿತಾಯವಿರುವುದಿಲ್ಲ. ಹೊಸಬರ ಕೈಯಲ್ಲಿ ಸ್ವಲ್ಪ ಉಳಿತಾಯ ಇರಬೇಕು.

ಇನ್ನೊಂದು ಎಚ್ಚರಿಕೆ. ಅಗ್ಗಕ್ಕೆ ಸಿಗುತ್ತದೆಂದು ಸೇನೆಯ ಮಾದರಿಯ ಪೂರ್ತಿ ಕವಚದ ಗುಂಡನ್ನು ಜಿಂಕೆಗೆ ಬಳಸಬೇಡ. ಅದು ಅರಳುವುದಿಲ್ಲ, ಸೂಜಿಯಂತೆ ಆಚೆ ಹೋಗುತ್ತದೆ, ಪ್ರಾಣಿ ಮೈಲಿಗಟ್ಟಲೆ ನಡೆದು ಎಲ್ಲೋ ನರಳಿ ಸಾಯುತ್ತದೆ. ಮೂತಿಯಲ್ಲಿ ಸೀಸ ಕಾಣುವ, ತಗುಲಿದೊಡನೆ ಅರಳುವ ಬೇಟೆಯ ಗುಂಡೇ ಬೇಕು.

ಪೊನ್ನಂಪೇಟೆಯ ತೋಟಗಾರ, ಸೆಪ್ಟೆಂಬರ್ 7

ಸುಬೇದಾರ್ ಸಾಹೇಬರ ಮಾತಿಗೆ ಗೌರವವಿದೆ, ಆದರೂ ನನ್ನದೊಂದು ಭಿನ್ನಾಭಿಪ್ರಾಯ. ಒಂದೇ ರೈಫಲ್ ಕೊಂಡು ಬಾಳಿನುದ್ದಕ್ಕೂ ಇಟ್ಟುಕೊಳ್ಳುವುದಾದರೆ .30–06 ಏಕೆ ಬೇಡ? 1906ರಿಂದ ಇರುವ ತೋಟೆ ಅದು. ಜಗತ್ತಿನ ಯಾವ ಮೂಲೆಯ ಅಂಗಡಿಯಲ್ಲಿಯೂ ಸಿಗುತ್ತದೆ. 180 ಗ್ರೇನಿನ ಗುಂಡು ಹಾಕಿದರೆ 4,000 ಜೂಲ್‌ಗೆ ಹತ್ತಿರದ ಶಕ್ತಿ. ನಾಳೆ ತಂಗಿ ಉತ್ತರ ದ್ವೀಪಕ್ಕೆ ಹೋಗಿ ಕಡವೆಯನ್ನೇ ಬೇಟೆಯಾಡುವುದಾದರೆ ಇನ್ನೊಂದು ರೈಫಲ್ ಹುಡುಕಬೇಕಾಗಿಲ್ಲ.

ಅದಕ್ಕಿಂತ ಮುಖ್ಯವಾಗಿ ಹೇಳಬೇಕಾದದ್ದು ಮಳೆಯ ವಿಷಯ. ಆ ದ್ವೀಪದ ಪಶ್ಚಿಮ ಕರಾವಳಿಯ ಮಳೆ ನಮ್ಮ ಭಾಗಮಂಡಲದ ಮಳೆಗೆ ಸಮ ಎಂದು ಅಲ್ಲಿಂದ ಬಂದ ನೆಂಟರು ಹೇಳುತ್ತಾರೆ. ನನ್ನ ತಂದೆಯವರಿಂದ ಬಂದ .315 ರೈಫಲ್ ನನ್ನ ಬಳಿ ಇದೆ. ಆಕ್ರೋಟು ಮರದ ಬಟ್ (ನಳಿಗೆ ಕೂರುವ, ಹೆಗಲಿಗೆ ಆನುವ ಭಾಗ), ನೋಡಲು ಬಹಳ ಚೆಂದ. ಬೇಸಿಗೆಯಲ್ಲಿ ಗುರಿ ಹಲಗೆಯ ಮೇಲೆ ಒಂದೇ ಕಡೆ ಬೀಳುತ್ತಿದ್ದ ಗುಂಡು, ಒಂದು ವರ್ಷ ಮಳೆಗಾಲ ಕಳೆದ ಮೇಲೆ ಎಡಕ್ಕೆ ಅಂಗೈ ಅಗಲ ಸರಿದು ಬೀಳತೊಡಗಿತು. ಹತ್ತಿರದ ಪಟ್ಟಣದ ಒಂದು ಅಂಗಡಿಯವರು ನಳಿಗೆ ಸವೆದಿದೆ, ಬದಲಾಯಿಸಬೇಕೆಂದು ದೊಡ್ಡ ಮೊತ್ತ ಹೇಳಿದರು. ನಿಜವಾದ ಕಾರಣ ಬೇರೆಯೇ ಇತ್ತು. ಒದ್ದೆಯಲ್ಲಿ ಮರ ಉಬ್ಬಿ, ಒಂದು ಬದಿಯಿಂದ ನಳಿಗೆಯನ್ನು ಒತ್ತುತ್ತಿತ್ತು. ಪರೀಕ್ಷೆ ಸುಲಭ: ಒಂದು ನೋಟನ್ನು ನಳಿಗೆಯ ಅಡಿಗೆ ತೂರಿಸಿ, ಎರಡೂ ತುದಿ ಹಿಡಿದು ಮೂತಿಯಿಂದ ಹಿಂದಕ್ಕೆ ಎಳೆಯುತ್ತಾ ಬನ್ನಿ. ನೋಟು ಎಲ್ಲಿಯೂ ತಡೆಯದೆ ಬರಬೇಕು. ನನ್ನ ರೈಫಲಿನಲ್ಲಿ ಅದು ಅರ್ಧದಲ್ಲೇ ಸಿಕ್ಕಿಹಾಕಿಕೊಂಡಿತು. ಮರವನ್ನು ಮರಳುಕಾಗದದಿಂದ ತೇಯ್ದು, ಒಳಮೈಗೂ ಎಣ್ಣೆ ಕುಡಿಸಿದ ಮೇಲೆ ಗುಂಡು ತನ್ನ ಜಾಗಕ್ಕೆ ಮರಳಿತು.

ಮರದ ಮೇಲೆ ನನಗೆ ಇಷ್ಟು ಪ್ರೀತಿ ಇದ್ದರೂ, ತಂಗಿಗೆ ತುಕ್ಕು ಹಿಡಿಯದ ಉಕ್ಕಿನ ನಳಿಗೆ ಮತ್ತು ಪ್ಲಾಸ್ಟಿಕ್ ಜಾತಿಯ ಬಟ್ ಇರುವುದನ್ನೇ ಕೊಳ್ಳಲು ಹೇಳುತ್ತೇನೆ. ಪ್ರತಿ ಈಡಿಗೂ ಕೈಯಿಂದ ಹಿಡಿ ಎಳೆದು ತೋಟೆ ತುಂಬುವ ಬೋಲ್ಟ್ ಆ್ಯಕ್ಷನ್ ಆಗಿರಲಿ. 2019ರ ನಂತರ ಅಲ್ಲಿ ಸೆಂಟರ್‌ಫೈರ್ (ಬುಡದ ನಡುವೆ ಕಿಡಿ ಹತ್ತುವ) ತೋಟೆಯ ಅರೆ-ಸ್ವಯಂಚಾಲಿತ ರೈಫಲ್‌ಗಳು ಸಾಮಾನ್ಯ ಪರವಾನಗಿಯಲ್ಲಿ ಸಿಗುವುದಿಲ್ಲ.

ಮೂರ್ನಾಡಿನ ಯುವಕ, ಸೆಪ್ಟೆಂಬರ್ 8

ಹಿರಿಯರು ಹೇಳಿದ ತೋಟೆಗಳೆಲ್ಲ ಹಿಂದಿನ ಶತಮಾನದವು. 2007ರಲ್ಲಿ ಬಂದ 6.5 ಕ್ರೀಡ್‌ಮೂರ್ ಬಗ್ಗೆ ಯಾರೂ ಮಾತನಾಡಿಲ್ಲ. ಅದರ ಗುಂಡು ಉದ್ದವಾಗಿ, ತೆಳ್ಳಗಿರುವುದರಿಂದ ಗಾಳಿಗೆ ಕಡಿಮೆ ಬಾಗುತ್ತದೆ, ಒದೆತ.308ಕ್ಕಿಂತ ಕಡಿಮೆ. ಟಿಕ್ಕಾ, ಹೋವಾ, ರೂಗರ್ ಮೂರೂ ಕಂಪನಿಗಳು ಈ ತೋಟೆಗೆ ರೈಫಲ್ ಮಾಡುತ್ತವೆ. ಅಕ್ಕ ಬೆಟ್ಟದ ಈ ಬದಿಯಿಂದ ಆ ಬದಿಗೆ 500 ಗಜದಲ್ಲಿ ಹೊಡೆಯಬೇಕಾಗಿ ಬಂದರೆ ಇದೇ ಸರಿಯಾದ ಆಯ್ಕೆ ಎಂದು ನನ್ನ ಅಭಿಪ್ರಾಯ.

ನಿವೃತ್ತ ಸುಬೇದಾರ್, ಸೋಮವಾರಪೇಟೆ, ಸೆಪ್ಟೆಂಬರ್ 8

ತಮ್ಮಾ, ತೋಟೆಯ ಬಗ್ಗೆ ನೀನು ಹೇಳಿದ್ದು ಸರಿ. 6.5 ಕ್ರೀಡ್‌ಮೂರ್ ಕೂಡ ಅವಳ ಹೆಗಲಿಗೆ ಹೊಂದುವ ತೋಟೆಯೇ. ಊರಿನ ಅಂಗಡಿಯಲ್ಲಿ 7 ಎಂಎಂ–08ರ ತೋಟೆ ಸುಲಭವಾಗಿ ಸಿಗದಿದ್ದರೆ ಅವಳು ಅದನ್ನು ಕೊಳ್ಳಲಿ, ನನ್ನ ಆಕ್ಷೇಪಣೆ ಇಲ್ಲ. ಆದರೆ 500 ಗಜದ ಮಾತನ್ನು ಒಪ್ಪಲಾರೆ. ಗುಂಡು ಅಷ್ಟು ದೂರ ತಲುಪಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಮೇಯುತ್ತಿರುವ ಜಿಂಕೆ ಒಂದು ಹೆಜ್ಜೆ ಮುಂದೆ ಇಟ್ಟರೆ, ಎದೆಗೆ ಹೋಗಬೇಕಾದ ಗುಂಡು ಹೊಟ್ಟೆಗೆ ಹೋಗುತ್ತದೆ. ಅದು ತೋಟೆ ಸರಿಪಡಿಸಬಲ್ಲ ತಪ್ಪಲ್ಲ.

ತೋಟಗಾರ ಅಣ್ಣನಿಗೂ ಒಂದು ಮಾತು: .30–06 ಉತ್ತಮವಾದ ತೋಟೆಯೇ. ಆದರೆ ನೀವು ಹೇಳಿದ ಪ್ಲಾಸ್ಟಿಕ್ ಬಟ್ಟಿನ ಹಗುರ ರೈಫಲ್‌ಗಳು ಮೂರು ಕಿಲೋ ಆಸುಪಾಸಿನವು. ನಮ್ಮ ಎಸ್‌ಎಲ್‌ಆರ್ ನಾಲ್ಕು ಕಿಲೋಗಿಂತ ಹೆಚ್ಚಿತ್ತು, ಅದರ ಗ್ಯಾಸಿನ ಯಂತ್ರವೂ ಒದೆತದ ಒಂದು ಪಾಲನ್ನು ನುಂಗುತ್ತಿತ್ತು. ಹಗುರ ರೈಫಲಿನಲ್ಲಿ ಅಷ್ಟು ದೊಡ್ಡ ಮದ್ದನ್ನು ಸಿಡಿಸಿದರೆ ಆ ಹುಡುಗಿಯ ಕಣ್ಣು ಮತ್ತೆ ಮುಚ್ಚಿಕೊಳ್ಳುತ್ತದೆ.

ಪಶುವೈದ್ಯ, ಗೋಣಿಕೊಪ್ಪ, ಸೆಪ್ಟೆಂಬರ್ 9

ನಾನು ಬೇಟೆಗಾರನಲ್ಲ. ಆದರೆ ಪ್ರಾಣಿಯ ಒಳಗಿನ ರಚನೆ ನನ್ನ ದಿನನಿತ್ಯದ ಕೆಲಸವಾದ್ದರಿಂದ ಬರೆಯುತ್ತಿದ್ದೇನೆ. ಜೂಲ್‌ಗಳ ಲೆಕ್ಕವನ್ನು ಓದುವಾಗ, ಶಕ್ತಿಯೇ ಪ್ರಾಣಿಯನ್ನು ಕೊಲ್ಲುತ್ತದೆಂಬ ಭಾವನೆ ಬರಬಹುದು. ಹಾಗಲ್ಲ. ಮೆದುಳಿಗೋ ಬೆನ್ನುಹುರಿಗೋ ಬಿದ್ದ ಪೆಟ್ಟನ್ನು ಬಿಟ್ಟರೆ, ಪ್ರಾಣಿ ಸಾಯುವುದು ರಕ್ತದೊತ್ತಡ ಕುಸಿದು ಮೆದುಳಿಗೆ ಆಮ್ಲಜನಕ ನಿಂತಾಗ. ಎರಡೂ ಶ್ವಾಸಕೋಶಗಳನ್ನು ಹಾದುಹೋದ, ಚೆನ್ನಾಗಿ ಅರಳಿದ ಗುಂಡು ಇದನ್ನು ಕೆಲವೇ ಸೆಕೆಂಡುಗಳಲ್ಲಿ ಮಾಡುತ್ತದೆ. ಹೊಟ್ಟೆಗೆ ಬಿದ್ದ ಗುಂಡು ಎಷ್ಟೇ ದೊಡ್ಡದಿದ್ದರೂ ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ.

ಜಿಂಕೆ ಅಡ್ಡಲಾಗಿ ನಿಂತಾಗ ಮುಂಗಾಲಿನ ಹಿಂಬದಿಯ ಅಂಚನ್ನು ಕಣ್ಣಿನಿಂದ ಮೇಲಕ್ಕೆ ಹಿಂಬಾಲಿಸಿ, ಎದೆಯ ಕೆಳಗೆರೆಯಿಂದ ಮೂರನೇ ಒಂದು ಭಾಗದಷ್ಟು ಎತ್ತರದಲ್ಲಿ ನಿಲ್ಲಿಸಿ. ಅಲ್ಲಿ ಹೃದಯದ ಮೇಲ್ಭಾಗ ಮತ್ತು ದೊಡ್ಡ ರಕ್ತನಾಳಗಳಿವೆ, ಸುತ್ತಲೂ ಶ್ವಾಸಕೋಶವಿದೆ. ಊಟದ ತಟ್ಟೆಯಷ್ಟು ಅಗಲದ ಜಾಗ ಅದು, ತಪ್ಪಿದರೂ ಕೆಲವು ಅಂಗುಲಗಳಿಗೆ ಕ್ಷಮೆ ಇರುವ ಜಾಗ. ತಲೆ, ಕುತ್ತಿಗೆಗಳಲ್ಲಿ ಆ ಕ್ಷಮೆ ಇಲ್ಲ. ದವಡೆ ಮುರಿದ ಜಿಂಕೆ ದಿನಗಟ್ಟಲೆ ಉಪವಾಸ ಬಿದ್ದು ಸಾಯುತ್ತದೆ. ಜಿಂಕೆ ನಮ್ಮ ಕಡೆಗೆ ಎದೆಯೊಡ್ಡಿ ನಿಂತಿದ್ದರೆ, ಅಥವಾ ಬೆನ್ನು ತೋರಿಸುತ್ತಿದ್ದರೆ, ಹೊಸಬರು ಕಾಯುವುದು ಒಳ್ಳೆಯದು.

ಎದೆಗೆ ಗುಂಡು ಬಿದ್ದ ಜಿಂಕೆ ಅಲ್ಲೇ ಬೀಳಬೇಕೆಂದಿಲ್ಲ. ಐವತ್ತು, ನೂರು ಮೀಟರ್ ಓಡಿ ಬೀಳುವುದು ಸಹಜ. ಆಗ ಬೆನ್ನಟ್ಟಬೇಡಿ. ನಿಂತಿದ್ದ ಜಾಗವನ್ನು ಗುರುತಿಟ್ಟುಕೊಂಡು ಹದಿನೈದು ನಿಮಿಷ ಕುಳಿತಿರಿ. ನಂತರ ಹೋಗಿ ನೆಲ ನೋಡಿ. ನೊರೆ ಬೆರೆತ ತಿಳಿಗೆಂಪು ರಕ್ತವಿದ್ದರೆ ಶ್ವಾಸಕೋಶಕ್ಕೆ ತಗುಲಿದೆ, ಪ್ರಾಣಿ ಹತ್ತಿರದಲ್ಲೇ ಇರುತ್ತದೆ. ಕಪ್ಪುಗೆಂಪು ರಕ್ತ ಯಕೃತ್ತಿನದು. ಹಸಿರು ಮೇವಿನ ಚೂರುಗಳು ಬೆರೆತಿದ್ದರೆ ಗುಂಡು ಹೊಟ್ಟೆಗೆ ಬಿದ್ದಿದೆ. ಕೂಡಲೇ ಹಿಂಬಾಲಿಸಿದರೆ ಪ್ರಾಣಿ ಮಲಗಿದಲ್ಲಿಂದ ಎದ್ದು ಇನ್ನೂ ದೂರ ಹೋಗುತ್ತದೆ, ಕೆಲವು ಗಂಟೆ ಬಿಟ್ಟು ಹುಡುಕಬೇಕು. ಹುಡುಕದೆ ಮನೆಗೆ ಬರುವುದು ಮಾತ್ರ ಸಲ್ಲದು.

ಗುಂಡಿನ ಲೋಹದ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ತಂಗಿ ಬೇಟೆಯಾಡುವುದು ಮನೆಯವರ ಊಟಕ್ಕಾಗಿ. ಸೀಸದ ಗುಂಡು ಎದೆಯೊಳಗೆ ಅರಳುವಾಗ ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಸಿಡಿಯುತ್ತವೆ. ಎಕ್ಸ್-ರೇ ತೆಗೆದು ನೋಡಿದರೆ ಅವು ಗಾಯದ ದಾರಿಯಿಂದ ಸಾಕಷ್ಟು ದೂರದ ಮಾಂಸದಲ್ಲಿಯೂ ಕಾಣುತ್ತವೆ. ಗರ್ಭಿಣಿಯರಿಗೂ ಸಣ್ಣ ಮಕ್ಕಳಿಗೂ ಸೀಸ ಎಷ್ಟು ಕಡಿಮೆಯಿದ್ದರೂ ಒಳ್ಳೆಯದಲ್ಲ. ಉಳಿದ ಕರುಳನ್ನು ತಿನ್ನುವ ಹದ್ದುಗಳಿಗೂ ಅದು ವಿಷ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ಕಾಂಡೋರ್ ಎಂಬ ರಣಹದ್ದನ್ನು ಉಳಿಸಿಕೊಳ್ಳಲು ಶುರುಮಾಡಿದ ನಿರ್ಬಂಧವನ್ನು 2019ರ ಜುಲೈಯಿಂದ ಎಲ್ಲ ಬೇಟೆಗೂ ವಿಸ್ತರಿಸಿತು. ಪೂರ್ತಿ ತಾಮ್ರದ ಗುಂಡು ಈಗ ಎಲ್ಲೆಡೆ ಸಿಗುತ್ತದೆ. ಅದು ಗಟ್ಟಿಯಾದ್ದರಿಂದ ಅರಳಲು ವೇಗ ಬೇಕು. ಹಾಗಾಗಿ 7 ಎಂಎಂ–08ರಲ್ಲಿ 140 ಗ್ರೇನಿನ ಬದಲು 120 ಗ್ರೇನಿನದನ್ನು ಆರಿಸುವುದು ರೂಢಿ. ಸೀಸವನ್ನೇ ಬಳಸಿದರೆ, ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಬಿಸಾಡಿ.

ಕುಟ್ಟದ ಕಾಡಂಚಿನವನು, ಸೆಪ್ಟೆಂಬರ್ 9

ನಮ್ಮ ಗದ್ದೆಯ ಬೇಲಿಯಾಚೆ ನಾಗರಹೊಳೆಯ ಕಾಡು. ಸಂಜೆ ಅಂಗಳದಲ್ಲಿ ಕುಳಿತರೆ ಜಿಂಕೆಯ ಹಿಂಡು ಕಾಣುತ್ತದೆ. ಅವುಗಳನ್ನು ಹುಲಿಗೂ ಸೀಳುನಾಯಿಗೂ ಬಿಟ್ಟುಕೊಟ್ಟು ನಾವು ಸುಮ್ಮನಿರಲು ಕಲಿತಿದ್ದೇವೆ. ಹೀಗಿರುವಾಗ ಜಿಂಕೆಯ ಎದೆಯಲ್ಲಿ ಗುಂಡು ಎಲ್ಲಿ ಬೀಳಬೇಕೆಂಬ ಬರಹವನ್ನು ಓದುವುದು ನನಗೆ ಕಷ್ಟವಾಯಿತು. ತಂಗಿಯನ್ನು ದೂಷಿಸುತ್ತಿಲ್ಲ. ಆದರೆ ಪರದೇಶದಲ್ಲಿದ್ದ ಮಾತ್ರಕ್ಕೆ ಬೇಟೆ ಸರಿಯಾಗಿಬಿಡುತ್ತದೆಯೇ ಎಂದು ಕೇಳಬೇಕೆನಿಸಿತು.

ಅಮ್ಮತ್ತಿಯ ಮಗಳು, ಸೆಪ್ಟೆಂಬರ್ 10

ಅಣ್ಣಾ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಅಲ್ಲಿಗೆ ಹೋದ ಮೊದಲ ವರ್ಷ ನನಗೂ ಇದೇ ಅನಿಸಿತ್ತು. ನ್ಯೂಜಿಲೆಂಡಿನ ಕಾಡಿಗೆ ಸ್ವಂತದ ಜಿಂಕೆಯೇ ಇಲ್ಲ. ಬಾವಲಿಗಳನ್ನು ಬಿಟ್ಟರೆ ನೆಲದ ಮೇಲೆ ಬಾಳುವ ಸಸ್ತನಿ ಒಂದೂ ಅಲ್ಲಿ ಹುಟ್ಟಿದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆ ಬಂದ ಬ್ರಿಟಿಷರು ಬೇಟೆಯ ಮೋಜಿಗಾಗಿ ಕೆಂಪು ಜಿಂಕೆಯನ್ನು ಹಡಗಿನಲ್ಲಿ ತಂದು ಬಿಟ್ಟರು. ನಮ್ಮ ಕಡವೆಯೂ ಅಲ್ಲಿದೆ: 1875ರಲ್ಲಿ ಸಿಲೋನಿನಿಂದ ತಂದದ್ದು, ಈಗಲೂ ಉತ್ತರ ದ್ವೀಪದ ಮನವಾಟು ಕಡೆ ಬದುಕಿದೆ. 1905ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕೊಟ್ಟ ವಾಪಿಟಿ ಎಂಬ ದೊಡ್ಡ ಜಿಂಕೆಯ ಸಂತತಿ ಫಿಯೋರ್ಡ್‌ಲ್ಯಾಂಡಿನಲ್ಲಿದೆ. ಇವನ್ನು ತಿನ್ನುವ ಹುಲಿ, ಸೀಳುನಾಯಿ ಅಲ್ಲಿಲ್ಲ. ಮೇಯುವ ಪ್ರಾಣಿಯನ್ನೇ ಕಾಣದೆ ಬೆಳೆದ ಗಿಡಗಳಿಗೆ ತಪ್ಪಿಸಿಕೊಳ್ಳುವ ಉಪಾಯವೂ ಗೊತ್ತಿಲ್ಲ. ಜಿಂಕೆ ಹೆಚ್ಚಿದ ಕಾಡಿನೊಳಗೆ ನಡೆದರೆ ದೊಡ್ಡ ಮರಗಳ ಕೆಳಗೆ ಮರಿಗಿಡಗಳೇ ಇರುವುದಿಲ್ಲ, ಗುಡಿಸಿದಂತೆ ಬರಿದಾಗಿರುತ್ತದೆ. ಆದ್ದರಿಂದ ಸರ್ಕಾರದ ಸಂರಕ್ಷಣಾ ಇಲಾಖೆಯೇ ತನ್ನ ಜಮೀನಿನಲ್ಲಿ ಬೇಟೆಗೆ ಹಣವಿಲ್ಲದೆ ಅನುಮತಿ ಪತ್ರ ಕೊಡುತ್ತದೆ.

ಇಲ್ಲಿ ನಾನು ಜಿಂಕೆಗೆ ಕೋವಿ ಎತ್ತುವುದಿಲ್ಲ. ನಿಮ್ಮ ಅಂಗಳದ ಹಿಂಡು ಹಾಗೆಯೇ ಇರಲಿ.

ಕುಟ್ಟದ ಕಾಡಂಚಿನವನು, ಸೆಪ್ಟೆಂಬರ್ 10

ತಿಳಿಯಿತು ತಂಗಿ. ನಮ್ಮ ಕಡವೆ ಅಷ್ಟು ದೂರ ಹೋಗಿದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಮುಂದುವರಿಸಿ.

ನಿವೃತ್ತ ಸುಬೇದಾರ್, ಸೋಮವಾರಪೇಟೆ, ಸೆಪ್ಟೆಂಬರ್ 11

ಮಗಳೇ, ಹೊರಡುವ ಮೊದಲು ಎರಡು ಕೆಲಸ ಕಲಿತುಕೊಂಡು ಹೋಗು.

ಮೊದಲನೆಯದು ಅಳತೆ. ಅಂಗಡಿಯಲ್ಲಿ ರೈಫಲ್ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಮೂತಿಯನ್ನು ಸುರಕ್ಷಿತ ದಿಕ್ಕಿಗಿಟ್ಟು, ಬಟ್ಟಿನ ಹಿಂತುದಿಯನ್ನು ಮಡಚಿದ ಮೊಣಕೈಯ ಒಳಭಾಗಕ್ಕೆ ಆನಿಸು. ತೋರುಬೆರಳಿನ ಮೊದಲ ಗೆಣ್ಣು ಕುದುರೆಯನ್ನು ಆರಾಮವಾಗಿ ಮುಟ್ಟಬೇಕು. ಸಾಮಾನ್ಯ ಬಟ್ಟುಗಳು ಹದಿಮೂರೂವರೆಯಿಂದ ಹದಿನಾಲ್ಕು ಅಂಗುಲ ಇರುತ್ತವೆ. ನಿನ್ನ ಎತ್ತರಕ್ಕೆ ಹನ್ನೆರಡೂವರೆ, ಹದಿಮೂರು ಸಾಕು. ದೊಡ್ಡಪ್ಪನ ಕೋವಿ ಅಷ್ಟು ನೋಯಿಸಿದ್ದಕ್ಕೆ ಮದ್ದಿಗಿಂತ ಹೆಚ್ಚಾಗಿ ಉದ್ದದ ಬಟ್ಟೇ ಕಾರಣವಿರಬೇಕು. ಅದು ಹೆಗಲ ಗುಳಿಯಲ್ಲಿ ಕೂರದೆ ತೋಳಿನ ಮೂಳೆಯ ಮೇಲೆ ಕೂತಿರುತ್ತದೆ. ಸ್ಕೋಪ್ (ಗುರಿ ನೋಡುವ ದುರ್ಬೀನು) ಕಣ್ಣಿನಿಂದ ಮೂರೂವರೆ ಅಂಗುಲವಾದರೂ ದೂರವಿರಲಿ, ಇಲ್ಲವಾದರೆ ಹುಬ್ಬು ಸೀಳುತ್ತದೆ. ಮೂರರಿಂದ ಒಂಬತ್ತು ಪಟ್ಟಿನ ಸಾಧಾರಣ ಸ್ಕೋಪ್ ಸಾಕು. ಅದನ್ನು ಹಿಡಿದಿಡುವ ಬಳೆಗಳಿಗೆ ಮಾತ್ರ ಜಿಪುಣತನ ಬೇಡ.

ಎರಡನೆಯದು ಹೆಗಲಿನ ಹೆದರಿಕೆ ಬಿಡಿಸುವುದು. ಗುರಿ ಅಭ್ಯಾಸದ ಮೈದಾನದಲ್ಲಿ ಜೊತೆಗಾರರೊಬ್ಬರು ನಿನಗೆ ಕಾಣದಂತೆ ರೈಫಲಿಗೆ ಒಮ್ಮೆ ನಿಜವಾದ ತೋಟೆ, ಒಮ್ಮೆ ಮದ್ದಿಲ್ಲದ ಅಭ್ಯಾಸದ ತೋಟೆ ತುಂಬಿ ಕೊಡಲಿ. ಯಾವುದು ಯಾವಾಗ ಬರುತ್ತದೆಂದು ನಿನಗೆ ಗೊತ್ತಿರಬಾರದು. ಖಾಲಿ ತೋಟೆಗೆ ಕುದುರೆ ಕ್ಲಿಕ್ ಎಂದಾಗ ಮೂತಿ ಕೆಳಕ್ಕೆ ಬಾಗಿದರೆ, ಬಾಗಿಸಿದ್ದು ನಿನ್ನ ಹೆದರಿಕೆ. ರೈಫಲಿನ ತಪ್ಪು ಅಲ್ಲೇನೂ ಇಲ್ಲ. ಮೂತಿ ಅಲುಗದೆ ಹತ್ತು ಬಾರಿ ಕ್ಲಿಕ್ ಆಗುವವರೆಗೂ ಕಾಡಿಗೆ ಹೋಗಬೇಡ. ದಿನಕ್ಕೆ ಹದಿನೈದಿಪ್ಪತ್ತು ಗುಂಡಿಗಿಂತ ಹೆಚ್ಚು ಹೊಡೆಯಬೇಡ; ದಣಿದ ಹೆಗಲು ಕೆಟ್ಟದ್ದನ್ನೇ ಕಲಿಯುತ್ತದೆ. ಕಿವಿಗೆ ರಕ್ಷಣೆ ಯಾವಾಗಲೂ ಇರಲಿ. ಅಲ್ಲಿ ಸೈಲೆನ್ಸರ್ ಕಾನೂನುಬದ್ಧ. ಅದು ಸದ್ದನ್ನೂ ಒದೆತವನ್ನೂ ಎರಡನ್ನೂ ಇಳಿಸುತ್ತದೆ, ಕೊಳ್ಳಬಹುದು.

ಜೀರೋ ಮಾಡುವಾಗ, ಅಂದರೆ ಸ್ಕೋಪಿನ ಗುರಿಯನ್ನು ಗುಂಡು ಬೀಳುವ ಜಾಗಕ್ಕೆ ಹೊಂದಿಸುವಾಗ, 100 ಗಜದಲ್ಲಿ ಗುಂಡು ಎರಡು ಅಂಗುಲ ಮೇಲೆ ಬೀಳುವಂತೆ ಇಡು. 7 ಎಂಎಂ–08ರಲ್ಲಿ ಆಗ 200 ಗಜಕ್ಕೆ ನೇರವಾಗಿ ಬೀಳುತ್ತದೆ, 300ರಲ್ಲಿ ಎಂಟು ಅಂಗುಲ ಕೆಳಗೆ. ಮೊದಲ ವರ್ಷ ನಿನ್ನ ಮಿತಿ 200 ಗಜ, ಅದೂ ಮಲಗಿಯೋ ಚೀಲದ ಮೇಲೆ ರೈಫಲ್ ಊರಿಯೋ.

ಅಮ್ಮತ್ತಿಯ ಮಗಳು, ಮೇ 3

ಇಷ್ಟು ತಿಂಗಳ ಮೇಲೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನಡೆದದ್ದನ್ನು ತಿಳಿಸದೆ ಈ ಚರ್ಚೆಯನ್ನು ಬಿಡಲು ಮನಸ್ಸಾಗಲಿಲ್ಲ.

ನವೆಂಬರಿನಲ್ಲಿ ತುಕ್ಕು ಹಿಡಿಯದ ಉಕ್ಕಿನ, 7 ಎಂಎಂ–08ರ ಬೋಲ್ಟ್ ಆ್ಯಕ್ಷನ್ ರೈಫಲ್ ಕೊಂಡು, ನನ್ನ ಹೆಸರಿಗೆ ನೋಂದಾಯಿಸಿದೆ. ಅಂಗಡಿಯವರು ಬಟ್ಟನ್ನು ಮುಕ್ಕಾಲು ಅಂಗುಲ ಕತ್ತರಿಸಿ ಕೊಟ್ಟರು. ಸುಬೇದಾರ್ ಮಾವ ಹೇಳಿದ ಖಾಲಿ ತೋಟೆಯ ಅಭ್ಯಾಸವನ್ನು ಯಜಮಾನರೊಂದಿಗೆ ಆರು ಭಾನುವಾರ ಮಾಡಿದೆ. ಮೊದಲ ದಿನ ಮೂತಿ ಪ್ರತಿ ಬಾರಿಯೂ ಬಾಗುತ್ತಿತ್ತು; ನಾಲ್ಕನೆಯ ವಾರದಲ್ಲಿ ನಿಂತಿತು. ಡಾಕ್ಟರು ಹೇಳಿದಂತೆ 120 ಗ್ರೇನಿನ ತಾಮ್ರದ ಗುಂಡು ಆರಿಸಿದೆ. 100 ಗಜದಲ್ಲಿ ಮೂರು ಗುಂಡುಗಳನ್ನು ಒಂದು ಬೆಂಕಿಪೊಟ್ಟಣ ಮುಚ್ಚುತ್ತದೆ.

ಏಪ್ರಿಲ್ ಮೊದಲ ವಾರ ಒಂದು ಗಂಡು ಏಣಿನ ಮೇಲೆ ನಿಂತು ಕೂಗಿತು, 150 ಗಜ ಇರಬಹುದು. ಅದರ ಹಿಂದೆ ಬರೀ ಆಕಾಶ. ಏಣಿನಾಚೆ ಯಾರಿದ್ದಾರೆಂದು ತಿಳಿಯುವ ದಾರಿ ಇರಲಿಲ್ಲ. ಬೋಲ್ಟ್ ತೆರೆದು ತೋಟೆಯನ್ನು ಹೊರತೆಗೆದೆ. ಮೂರು ದಿನದ ಮೇಲೆ ಹಳ್ಳದ ಆಚೆ ದಡದಲ್ಲಿ ಮರಿಯಿಲ್ಲದ ಹೆಣ್ಣೊಂದು ಅಡ್ಡಲಾಗಿ ನಿಂತು ಮೇಯುತ್ತಿತ್ತು. ಹಿಂದೆ ಮಣ್ಣಿನ ಬರೆ. 110 ಗಜ, ಚೀಲದ ಮೇಲೆ ರೈಫಲ್. ಗುಂಡು ಬಿದ್ದ ಮೇಲೆ ಅದು ನಲವತ್ತು ಹೆಜ್ಜೆ ಓಡಿತು. ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಕುಳಿತೆ. ಕೈ ನಡುಗುತ್ತಿತ್ತು, ಕಣ್ಣು ತೇವವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಹುಲ್ಲಿನ ಮೇಲೆ ನೊರೆಗೆಂಪು ರಕ್ತವಿತ್ತು, ಜರಿಗಿಡಗಳ ನಡುವೆ ಅದು ಮಲಗಿತ್ತು. ಗುಂಡು ಎರಡೂ ಶ್ವಾಸಕೋಶಗಳನ್ನು ದಾಟಿ ಆಚೆ ಹೋಗಿತ್ತು. ಹೆಗಲ ಮಾಂಸ ಪೂರ್ತಿ ಉಳಿದಿತ್ತು.

ಊರಿನಿಂದ ತಂದಿದ್ದ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ), ಹುರಿದ ಮೆಣಸು ಹಾಕಿ ಬೇಯಿಸಿದೆವು. ಹಂದಿಯ ಕೊಬ್ಬು ಇದರಲ್ಲಿಲ್ಲದ ಕಾರಣ ಒಣಗಿದಂತಾಯಿತು. ಎರಡನೆಯ ಸಲ ಸಣ್ಣ ಉರಿಯಲ್ಲಿ ಮೂರು ಗಂಟೆ ಇಟ್ಟೆ, ಆಗ ಸರಿಹೋಯಿತು.

ತೋಟಗಾರ ಅಣ್ಣಾ, ಒಂದು ಸಂದೇಹ ಉಳಿದಿದೆ. ಕಳೆದ ವಾರವಿಡೀ ಮಳೆಯಲ್ಲಿ ನಡೆದ ಮೇಲೆ ಗುಂಡು ಬಲಕ್ಕೆ ಒಂದೂವರೆ ಅಂಗುಲ ಸರಿದಿದೆ. ನೋಟು ಎಲ್ಲಿಯೂ ತಡೆಯಲಿಲ್ಲ. ಸ್ಕೋಪಿನ ಮುಂದಿನ ಬಳೆಯ ಒಂದು ತಿರುಪು ಸ್ವಲ್ಪ ಸಡಿಲವಾಗಿತ್ತು. ಅದನ್ನು ಬಿಗಿ ಮಾಡಿದ್ದೇನೆ. ಮಳೆ ಬಿಟ್ಟ ಕೂಡಲೇ ಮತ್ತೆ 100 ಮತ್ತು 200 ಗಜದಲ್ಲಿ ಹೊಡೆದು ನೋಡಿ, ಗುರಿ ಹಲಗೆಯ ಚಿತ್ರವನ್ನು ಇಲ್ಲಿ ಹಾಕುತ್ತೇನೆ.